ಬಿರುಕನ್ನು ಮೊದಲು ಕಂಡವರು: ಗಾರ್ಮೆಂಟ್ಸ್ ಕಾರ್ಖಾನೆಗಳ ಮೇಲೆ ಕೆಲಸಗಾರರದೇ ನಿಗಾ

2013ರ ಏಪ್ರಿಲ್ 23ರಂದು ಢಾಕಾ ಹೊರವಲಯದ ಸಾವರ್‌ನಲ್ಲಿದ್ದ ರಾಣಾ ಪ್ಲಾಜಾ ಎಂಬ ಎಂಟು ಅಂತಸ್ತಿನ ಕಟ್ಟಡದಲ್ಲಿ ಬಿರುಕು ಕಾಣಿಸಿತು. ಕೆಳಗಿನ ಬ್ಯಾಂಕು ತನ್ನ ಸಿಬ್ಬಂದಿಗೆ ಬರಬೇಡಿ ಎಂದಿತು. ಅಂಗಡಿಗಳು ಬಾಗಿಲು ಹಾಕಿದವು. ಮೇಲಿನ ಮಹಡಿಗಳಲ್ಲಿದ್ದ ಐದು ಗಾರ್ಮೆಂಟ್ಸ್ ಕಾರ್ಖಾನೆಗಳವರಿಗೆ ಮಾತ್ರ ಮರುದಿನ ಬೆಳಿಗ್ಗೆ ಕೆಲಸಕ್ಕೆ ಬರಲೇಬೇಕು ಎಂಬ ಆದೇಶ ಬಂತು. ಒಳಗೆ ಕಾಲಿಡಲು ಹೆದರಿ ಹೊರಗೇ ನಿಂತವರಿಗೆ ಸಂಬಳ ಸಿಗುವುದಿಲ್ಲ ಎಂದು ಬೆದರಿಸಲಾಯಿತು. ಅವರು ಒಳಗೆ ಹೋದರು. ಒಂಬತ್ತು ಗಂಟೆಯಾಗುವ ಮೊದಲೇ ಕಟ್ಟಡ ಕುಸಿದುಬಿತ್ತು. 1,134 ಜನ ಸತ್ತರು. ಗಾಯಗೊಂಡವರು ಎರಡು ಸಾವಿರಕ್ಕೂ ಹೆಚ್ಚು.

ಈ ದುರಂತವನ್ನು ನೆನೆದಾಗಲೆಲ್ಲ ನನ್ನನ್ನು ಕಾಡುವುದು ಆ ಒಂದು ದಿನ. ಕಟ್ಟಡ ಅಪಾಯದಲ್ಲಿದೆ ಎಂಬುದು ಅದರೊಳಗೆ ಕೆಲಸ ಮಾಡುತ್ತಿದ್ದ ಸಾವಿರಾರು ಜನರಿಗೆ ಗೊತ್ತಿತ್ತು. ಆ ತಿಳಿವಳಿಕೆಗೆ ಬೆಲೆ ಇರಲಿಲ್ಲ. ಅಲ್ಲಿನ ಕೆಲವು ಕಾರ್ಖಾನೆಗಳಿಗೆ ಅಂತರರಾಷ್ಟ್ರೀಯ ಆಡಿಟ್ ಕಂಪನಿಗಳು ಬಂದು, ಪಟ್ಟಿ ಹಿಡಿದು ತಪಾಸಣೆ ಮಾಡಿ, ವರದಿ ಬರೆದು ಹೋಗಿದ್ದವು. ಆ ವರದಿಗಳು ಯುರೋಪಿನ ಕಚೇರಿಗಳವರೆಗೆ ತಲುಪಿದವು. ಕೆಲಸಗಾರರ ಮಾತು ಗೇಟಿನ ಹತ್ತಿರ ನಿಂತಿದ್ದ ಮ್ಯಾನೇಜರನನ್ನೂ ದಾಟಲಿಲ್ಲ.

ಅಲ್ಲಿಂದೀಚೆಗೆ ಗಾರ್ಮೆಂಟ್ಸ್ ಉದ್ಯಮದಲ್ಲಿ ‘ಕೆಲಸಗಾರರ ದನಿ’ ಎಂಬ ಮಾತು ತುಂಬ ಕೇಳಿಬರುತ್ತಿದೆ. ಫೋನ್ ಸಮೀಕ್ಷೆ, ಸಹಾಯವಾಣಿ, ಆ್ಯಪ್, ದೂರು ಸಮಿತಿ ಎಲ್ಲವೂ ಬಂದಿವೆ. ಇದು ಒಳ್ಳೆಯ ಬೆಳವಣಿಗೆ. ಆದರೆ ಇವೆಲ್ಲವನ್ನೂ ಒಂದೇ ಹೆಸರಿನಲ್ಲಿ ಕರೆದರೆ ಮುಖ್ಯ ವ್ಯತ್ಯಾಸ ಮರೆಯಾಗುತ್ತದೆ. ಕೆಲಸಗಾರ್ತಿ ಏನು ಹೇಳಿದಳು ಎಂಬುದು ಅರ್ಧ ವಿಷಯ. ಅದನ್ನು ಕೇಳಿಸಿಕೊಂಡವರು ಮುಂದೆ ಏನು ಮಾಡಲೇಬೇಕು ಎಂಬುದು ಉಳಿದರ್ಧ. ಇಷ್ಟು ವರ್ಷಗಳ ಅನುಭವವನ್ನು ನೋಡಿದರೆ ಸೋಲು ಗೆಲುವು ತೀರ್ಮಾನವಾಗಿರುವುದು ಬಹುತೇಕ ಈ ಎರಡನೆಯ ಅರ್ಧದಲ್ಲಿ.

ಮೊದಲು ಹಳೆಯ ದಾರಿ ಯಾಕೆ ಸೋತಿತು ಎಂದು ನೋಡೋಣ. 1990ರ ದಶಕದಲ್ಲಿ ದೊಡ್ಡ ಬ್ರ್ಯಾಂಡ್‌ಗಳು ತಮ್ಮ ಸರಬರಾಜುದಾರರಿಗೆ ನೀತಿ ಸಂಹಿತೆಗಳನ್ನು ಬರೆದವು. ಬಾಲಕಾರ್ಮಿಕರು ಇರಕೂಡದು, ಓಟಿ (ನಿಗದಿತ ಅವಧಿ ಮೀರಿದ ದುಡಿಮೆ) ಮಿತಿಯಲ್ಲಿರಬೇಕು, ಕನಿಷ್ಠ ವೇತನ ಕೊಡಬೇಕು ಎಂಬ ನಿಯಮಗಳು ಅವು. ಪಾಲನೆಯಾಗುತ್ತಿದೆಯೇ ಎಂದು ನೋಡಲು ಆಡಿಟರ್‌ಗಳು ಬಂದರು. ಒಂದೆರಡು ದಿನದ ಭೇಟಿ, ದಾಖಲೆಗಳ ಪರಿಶೀಲನೆ, ಫ್ಲೋರ್‌ನಲ್ಲಿ ಒಂದು ಸುತ್ತು, ಆರಿಸಿದ ಕೆಲವು ಕೆಲಸಗಾರರ ಜೊತೆ ಮಾತು, ಇಷ್ಟೇ. ಭೇಟಿಯ ದಿನ ಬಹುತೇಕ ಮೊದಲೇ ತಿಳಿದಿರುತ್ತದೆ. ಬೈಯರ್, ಅಂದರೆ ಬಟ್ಟೆ ಕೊಳ್ಳುವ ಬ್ರ್ಯಾಂಡಿನವರು, ಬರುತ್ತಾರೆ ಎಂದರೆ ಫ್ಲೋರ್ ತೊಳೆಯುವುದು, ದಾರಿಗೆ ಅಡ್ಡವಾಗಿದ್ದ ಬಂಡಲ್‌ಗಳನ್ನು ತೆಗೆಸುವುದು, ಮಾಸ್ಕ್ ಹಂಚುವುದು, ಏನು ಕೇಳಿದರೆ ಏನು ಹೇಳಬೇಕೆಂದು ಪಾಠ ಮಾಡಿಸುವುದು ಈ ಉದ್ಯಮದಲ್ಲಿ ದುಡಿದ ಎಲ್ಲರಿಗೂ ಗೊತ್ತಿರುವ ವಿಷಯ. ಎರಡು ಹಾಜರಿ ಪುಸ್ತಕಗಳ ವಿಷಯವೂ ಅಷ್ಟೇ. ಒಂದು ನಿಜವಾದದ್ದು, ಇನ್ನೊಂದು ತೋರಿಸುವುದಕ್ಕೆ.

2012ರ ಸೆಪ್ಟೆಂಬರ್ 11ರಂದು ಕರಾಚಿಯ ಅಲಿ ಎಂಟರ್‌ಪ್ರೈಸಸ್ ಕಾರ್ಖಾನೆಗೆ ಬೆಂಕಿ ಬಿದ್ದಾಗ 250ಕ್ಕೂ ಹೆಚ್ಚು ಜನ ಸತ್ತರು. ಅದಕ್ಕೆ ಕೆಲವೇ ವಾರಗಳ ಹಿಂದೆ ಆ ಕಾರ್ಖಾನೆಗೆ ಎಸ್ಎ 8000 ಎಂಬ ಸಾಮಾಜಿಕ ಹೊಣೆಗಾರಿಕೆಯ ಪ್ರಮಾಣಪತ್ರ ಸಿಕ್ಕಿತ್ತು. ಬೆಂಕಿ ಇಟ್ಟದ್ದು ಎಂದು ಪಾಕಿಸ್ತಾನದ ನ್ಯಾಯಾಲಯ ಮುಂದೆ ತೀರ್ಪು ಕೊಟ್ಟಿತು. ಆದರೆ ಒಳಗಿದ್ದವರು ಹೊರಗೆ ಬರಲಾಗದೆ ಸತ್ತದ್ದು ಬೀಗ ಹಾಕಿದ ಬಾಗಿಲುಗಳಿಂದ, ಸರಳು ಬಿಗಿದ ಕಿಟಕಿಗಳಿಂದ. ಪ್ರಮಾಣಪತ್ರ ಕೊಟ್ಟವರು ಅದನ್ನು ಗಮನಕ್ಕೆ ತಂದುಕೊಂಡಿರಲಿಲ್ಲ. ಆ ಕಿಟಕಿಗಳ ಪಕ್ಕದಲ್ಲಿ ಕೂತು ದಿನವೂ ಹೊಲಿಯುತ್ತಿದ್ದವರಿಗೆ ಸರಳುಗಳು ಕಾಣದಿರಲು ಸಾಧ್ಯವೇ ಇಲ್ಲ. ಎರಡು ತಿಂಗಳ ನಂತರ, ನವೆಂಬರ್ 24ರಂದು, ಢಾಕಾ ಬಳಿಯ ತಜ್ರೀನ್ ಫ್ಯಾಷನ್ಸ್‌ನಲ್ಲಿ ಬೆಂಕಿಯ ಅಲಾರಂ ಹೊಡೆದಾಗ ಎದ್ದು ನಿಂತವರನ್ನು ಕೆಲಸ ಮುಂದುವರಿಸಿ ಎಂದು ಮೇಲಿನವರು ಕೂರಿಸಿದರು. ಅಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು.

ಇವು ಅಪರೂಪದ ಲೋಪಗಳು ಎಂದು ಹೇಳುವುದು ಕಷ್ಟ. ನೈಕಿ ಕಂಪನಿಯ ಆಡಿಟ್ ಮಾಹಿತಿಯನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ರಿಚರ್ಡ್ ಲಾಕ್ ಎಂಬ ಸಂಶೋಧಕರು, ಬರೀ ತಪಾಸಣೆಯಿಂದ ಕಾರ್ಖಾನೆಗಳ ಪರಿಸ್ಥಿತಿಯಲ್ಲಿ ನಿಲ್ಲುವಂಥ ಸುಧಾರಣೆ ಆಗಿಲ್ಲ ಎಂಬ ತೀರ್ಮಾನಕ್ಕೆ ಬಂದರು. ಕಾರ್ನೆಲ್ ವಿಶ್ವವಿದ್ಯಾಲಯದ ಸರೋಶ್ ಕುರುವಿಲ್ಲ ಮತ್ತು ಸಂಗಡಿಗರು ಹತ್ತಾರು ಸಾವಿರ ಆಡಿಟ್ ವರದಿಗಳನ್ನು ನೋಡಿದಾಗ ಅರ್ಧಕ್ಕೆ ಹತ್ತಿರದಷ್ಟು ವರದಿಗಳು ನಂಬಲಾಗದ ಮಾಹಿತಿಯ ಮೇಲೆ ನಿಂತಿದ್ದವು. ಕಾರಣ ಆಡಿಟರ್‌ಗಳ ಅಪ್ರಾಮಾಣಿಕತೆ ಮಾತ್ರ ಎಂದು ನನಗನಿಸುವುದಿಲ್ಲ. ಆಡಿಟ್‌ನ ಹಣ ಕೊಡುವುದು ಕಾರ್ಖಾನೆ ಅಥವಾ ಬ್ರ್ಯಾಂಡ್. ವರದಿ ಹೋಗುವುದೂ ಅವರಿಗೇ. ಕೆಟ್ಟ ವರದಿ ಬಂದರೆ ಆರ್ಡರ್ ಹೋಗುತ್ತದೆ, ಆರ್ಡರ್ ಹೋದರೆ ಕೆಲಸ ಹೋಗುತ್ತದೆ. ಹಾಗಾಗಿ ಸತ್ಯ ಮುಚ್ಚಿಡುವುದರಲ್ಲಿ ಮಾಲೀಕನಿಗೆ ಲಾಭ, ಹೇಳುವುದರಲ್ಲಿ ಕೆಲಸಗಾರ್ತಿಗೂ ಭಯ.

ಇನ್ನೊಂದು ಮಿತಿ ಇದಕ್ಕಿಂತ ಆಳದ್ದು. ಬೆಂಕಿ ನಂದಿಸುವ ಸಿಲಿಂಡರ್ ಗೋಡೆಯ ಮೇಲೆ ಇದೆಯೇ ಇಲ್ಲವೇ ಎಂಬುದನ್ನು ಹೊರಗಿನವರು ಬಂದು ನೋಡಬಹುದು. ಟಾರ್ಗೆಟ್ ತಪ್ಪಿದ ದಿನ ಸೂಪರ್‌ವೈಸರ್ ಮುಖದ ಮೇಲೆ ಬಟ್ಟೆ ಎಸೆದದ್ದು, ರಜೆ ಕೇಳಿದವಳಿಗೆ ಬಂದ ಕೊಳಕು ಮಾತು, ಕಾಂಟ್ರ್ಯಾಕ್ಟ್ ಮುಂದುವರಿಯಬೇಕಾದರೆ ಏನು ಮಾಡಬೇಕು ಎಂಬ ಸೂಚನೆ ಇವು ಯಾವ ರಿಜಿಸ್ಟರಿನಲ್ಲೂ ಇರುವುದಿಲ್ಲ. ಆಫ್ರಿಕಾದ ಪುಟ್ಟ ದೇಶ ಲೆಸೊಥೊದಲ್ಲಿ ನಿಯೆನ್ ಹ್ಸಿಂಗ್ ಎಂಬ ತೈವಾನ್ ಮೂಲದ ಕಂಪನಿಯ ಜೀನ್ಸ್ ಕಾರ್ಖಾನೆಗಳಲ್ಲಿ ಹೀಗೆ ನಡೆಯುತ್ತಿತ್ತು. ಕೆಲಸ ಉಳಿಸಿಕೊಳ್ಳಲು ಮೇಲಿನವರ ಲೈಂಗಿಕ ಒತ್ತಾಯಕ್ಕೆ ಮಣಿಯಬೇಕಾದ ಸ್ಥಿತಿ ಅಲ್ಲಿನ ಹೆಂಗಸರದು. ಬ್ರ್ಯಾಂಡ್‌ಗಳ ಆಡಿಟ್‌ಗಳಲ್ಲಿ ಇದು ಬಯಲಾಗಲಿಲ್ಲ. ವರ್ಕರ್ ರೈಟ್ಸ್ ಕನ್ಸಾರ್ಟಿಯಂ ಎಂಬ ಸ್ವತಂತ್ರ ಸಂಸ್ಥೆ ಕಾರ್ಖಾನೆಯ ಹೊರಗೆ, ಕೆಲಸಗಾರರು ನಿರ್ಭಯವಾಗಿ ಮಾತಾಡಬಲ್ಲ ಜಾಗಗಳಲ್ಲಿ ಅವರನ್ನು ಕಂಡು ವಿಚಾರಿಸಿದಾಗ ಎಲ್ಲವೂ ಹೊರಬಂತು. ಪ್ರಶ್ನೆ ಕೇಳಿದ ಜಾಗ ಬದಲಾಯಿತು, ಉತ್ತರವೂ ಬದಲಾಯಿತು.

ಮೊಬೈಲ್ ಎಲ್ಲರ ಕೈಗೆ ಬಂದ ಮೇಲೆ ಈ ಜಾಗ ಬದಲಿಸುವ ಕೆಲಸ ಅಗ್ಗವಾಯಿತು. ಒಂದು ನಂಬರಿಗೆ ಮಿಸ್ಡ್ ಕಾಲ್ ಕೊಟ್ಟರೆ ವಾಪಸ್ ಕರೆ ಬರುತ್ತದೆ. ಧ್ವನಿಮುದ್ರಿತ ಪ್ರಶ್ನೆ ಅವರದೇ ಭಾಷೆಯಲ್ಲಿ ಕೇಳುತ್ತದೆ. ಹೌದಾದರೆ ಒಂದು, ಇಲ್ಲವಾದರೆ ಎರಡು ಒತ್ತಿದರೆ ಮುಗಿಯಿತು. ಓದಲು ಬಾರದವರೂ ಉತ್ತರಿಸಬಹುದು, ಕಾಸೂ ಖರ್ಚಾಗುವುದಿಲ್ಲ. ಲೇಬರ್‌ವಾಯ್ಸಸ್, ಉಲುಲಾ, ಲೇಬರ್‌ಲಿಂಕ್ ಮುಂತಾದ ಸಂಸ್ಥೆಗಳು ಈ ಬಗೆಯ ವ್ಯವಸ್ಥೆಗಳನ್ನು ಕಟ್ಟಿದವು. ಬಾಂಗ್ಲಾದೇಶದಲ್ಲಿ 2014ರಲ್ಲಿ ‘ಆಮಾದೇರ್ ಕೊಥಾ’ ಎಂಬ ಸಹಾಯವಾಣಿ ಶುರುವಾಯಿತು. ಬಂಗಾಳಿಯಲ್ಲಿ ಅದರ ಅರ್ಥ ‘ನಮ್ಮ ಮಾತು’. ಬೆಂಕಿ ಮತ್ತು ಕಟ್ಟಡ ಸುರಕ್ಷತೆಗಾಗಿ ಹುಟ್ಟಿದ ಆ ಸಹಾಯವಾಣಿಗೆ ಸಂಬಳದ ಬಾಕಿ, ಕೆಲಸದಿಂದ ತೆಗೆದದ್ದು, ಬೈಗುಳ ಇವುಗಳ ಕರೆಗಳೂ ರಾಶಿಯಾಗಿ ಬಂದವು. ದೂರದಲ್ಲಿ ಕೂತು ಯೋಜನೆ ಮಾಡಿದವರಿಗೆ ಸುರಕ್ಷತೆ ಒಂದು ವಿಷಯ, ಸಂಬಳ ಇನ್ನೊಂದು. ಕರೆ ಮಾಡಿದವರಿಗೆ ಎರಡೂ ಒಂದೇ ದಿನದ ಕೆಲಸದೊಳಗೆ ಸೇರಿಕೊಂಡಿರುತ್ತವೆ.

ಅಮೆರಿಕದ ಮೈಕ್ರೋಫೈನಾನ್ಸ್ ಆಪರ್ಚುನಿಟೀಸ್ ಎಂಬ ಸಂಸ್ಥೆ 2016ರಲ್ಲಿ ಬಾಂಗ್ಲಾದೇಶ, ಕಾಂಬೋಡಿಯ, ಭಾರತದಲ್ಲಿ ಹಿಡಿದ ದಾರಿ ನನಗೆ ವಿಶೇಷವಾಗಿ ಇಷ್ಟ. ಅವರು ಅದೇ ಕೆಲಸಗಾರರನ್ನು ಪ್ರತಿ ವಾರ ಮಾತಾಡಿಸಿ, ಈ ವಾರ ಎಷ್ಟು ಗಂಟೆ ದುಡಿದಿರಿ, ಎಷ್ಟು ಬಂತು, ಯಾವುದಕ್ಕೆ ಖರ್ಚಾಯಿತು, ಯಾರಿಂದ ಸಾಲ ತಂದಿರಿ ಎಂದು ಬರೆದುಕೊಂಡರು. ವರ್ಷಕ್ಕೊಮ್ಮೆಯ ತಪಾಸಣೆಯಲ್ಲಿ ‘ಸಂಬಳ ನಿಯಮದಂತೆ ಪಾವತಿಯಾಗಿದೆ’ ಎಂಬ ಒಂದು ಸಾಲು ಸಿಗುತ್ತದೆ. ವಾರದ ಲೆಕ್ಕದಲ್ಲಿ ಶಿಪ್‌ಮೆಂಟ್ ಹತ್ತಿರ ಬಂದಾಗ ಗಂಟೆಗಳು ಹೇಗೆ ಉಬ್ಬುತ್ತವೆ, ಸಂಬಳ ನಾಲ್ಕು ದಿನ ತಡವಾದರೆ ಸಾಲ ಎಲ್ಲಿಂದ ಬರುತ್ತದೆ ಎಂಬುದು ಕಾಣುತ್ತದೆ. 2020ರಲ್ಲಿ ಕೊರೊನಾದಿಂದ ಬ್ರ್ಯಾಂಡ್‌ಗಳು ಆರ್ಡರ್ ರದ್ದು ಮಾಡಿದಾಗ ಬಾಂಗ್ಲಾದೇಶದಲ್ಲಿ ಈ ಕೆಲಸ ಫೋನ್ ಮೂಲಕ ನಡೆಯಿತು. ಆಡಿಟರ್‌ಗಳು ಪ್ರಯಾಣ ಮಾಡಲಾಗದ ಆ ತಿಂಗಳುಗಳಲ್ಲಿ ಯಾರಿಗೆ ಸಂಬಳ ಬಂತು, ಯಾರಿಗೆ ಬರಲಿಲ್ಲ ಎಂಬುದು ಹೀಗೆ ವಾರವಾರವೂ ತಿಳಿಯುತ್ತಿತ್ತು.

ಫೋನ್ ಇದ್ದ ಮಾತ್ರಕ್ಕೆ ಸತ್ಯ ಬರುವುದಿಲ್ಲ. ಪ್ರಶ್ನೆ ಹೇಗೆ ಕೇಳುತ್ತೇವೆ ಎಂಬುದರಲ್ಲಿ ತುಂಬ ಇದೆ. ‘ನಿಮ್ಮ ಸೂಪರ್‌ವೈಸರ್ ಗೌರವದಿಂದ ನಡೆದುಕೊಳ್ಳುತ್ತಾರೆಯೇ?’ ಎಂದರೆ ಹತ್ತಕ್ಕೆ ಒಂಬತ್ತು ಜನ ಹೌದೆನ್ನುತ್ತಾರೆ. ಅದು ಅಭಿಪ್ರಾಯ ಕೇಳುವ ಪ್ರಶ್ನೆ, ಅಭಿಪ್ರಾಯ ಹೇಳುವುದು ಅಪಾಯ. ‘ಕಳೆದ ವಾರ ನಿಮ್ಮ ಲೈನ್‌ನಲ್ಲಿ ಯಾರನ್ನಾದರೂ ಎಲ್ಲರೆದುರು ಬೈದದ್ದು ಕೇಳಿಸಿತೇ?’ ಎಂದರೆ ಆಕೆ ಸಾಕ್ಷಿಯಾಗುತ್ತಾಳೆ, ಆರೋಪಿಸುವವಳಾಗುವುದಿಲ್ಲ. ‘ಸಂಬಳ ಸರಿಯಾಗಿ ಬರುತ್ತದೆಯೇ?’ ಎನ್ನುವುದಕ್ಕಿಂತ ‘ಹೋದ ತಿಂಗಳ ಸಂಬಳ ಯಾವ ತಾರೀಖಿಗೆ ಬಂತು?’ ಎನ್ನುವುದು ಮೇಲು. ನೂರು ಜನರ ತಾರೀಖು ಒಂದೇ ಆದರೆ ಅದನ್ನು ಬ್ಯಾಂಕಿನ ದಾಖಲೆಯ ಜೊತೆ ಇಟ್ಟು ನೋಡಬಹುದು. ‘ಇವತ್ತು ನಿಮ್ಮ ಮಹಡಿಯ ತುರ್ತು ಬಾಗಿಲಿಗೆ ಬೀಗ ಇತ್ತೇ?’ ಎಂಬುದಕ್ಕೆ ಉತ್ತರಿಸಲು ಯಾವ ಕಾನೂನೂ ಗೊತ್ತಿರಬೇಕಿಲ್ಲ. ಟಾರ್ಗೆಟ್ ಎಷ್ಟು ಬಿಗಿಯಾಗಿದೆ ಎಂದು ತಿಳಿಯಬೇಕಾದರೆ ಮಧ್ಯಾಹ್ನದವರೆಗೆ ಎಷ್ಟು ನೀರು ಕುಡಿದಿರಿ ಎಂದು ಕೇಳಬೇಕು. ಟಾಯ್ಲೆಟ್‌ಗೆ ಎದ್ದು ಹೋದರೆ ಮುಂದಿನ ಮೆಷಿನ್ ನಿಲ್ಲುತ್ತದೆ ಎಂದು ನೀರೇ ಕುಡಿಯದೆ ಕೂರುವವರು ಪ್ರಪಂಚದ ಎಲ್ಲ ಹೊಲಿಗೆ ಲೈನ್‌ಗಳಲ್ಲೂ ಇದ್ದಾರೆ.

ಅತ್ಯಂತ ಸೂಕ್ಷ್ಮವಾದದ್ದು ಕಿರುಕುಳದ ಪ್ರಶ್ನೆ. ಬಾಂಗ್ಲಾದೇಶದ ಒಂದು ದೊಡ್ಡ ಗಾರ್ಮೆಂಟ್ಸ್ ಕಂಪನಿಯಲ್ಲಿ ಲಾರಾ ಬೂಡ್ರೊ, ಸಿಲ್ವೆನ್ ಶಸಾಂಗ್ ಮತ್ತು ಸಂಗಡಿಗರಾದ ಅರ್ಥಶಾಸ್ತ್ರಜ್ಞರು ಇದಕ್ಕೆ ಒಂದು ಉಪಾಯ ಪ್ರಯೋಗಿಸಿ ನೋಡಿದರು. ಫೋನ್ ಸಮೀಕ್ಷೆಯಲ್ಲಿ ‘ಇಲ್ಲ’ ಎಂದವರ ಒಂದು ಪಾಲನ್ನು ಯಂತ್ರವೇ ಗೊತ್ತುಗುರಿಯಿಲ್ಲದೆ ‘ಹೌದು’ ಎಂದು ದಾಖಲಿಸುತ್ತದೆ ಮತ್ತು ಈ ವಿಷಯವನ್ನು ಉತ್ತರಿಸುವವರಿಗೆ ಮೊದಲೇ ಹೇಳಲಾಗುತ್ತದೆ. ಹೀಗಾದಾಗ ದಾಖಲೆಯಲ್ಲಿ ಒಬ್ಬಳ ಹೆಸರಿನ ಮುಂದೆ ‘ಹೌದು’ ಎಂದಿದ್ದರೂ ಅದನ್ನು ಆಕೆಯೇ ಹೇಳಿದ್ದು ಎಂದು ಯಾರೂ ಸಾಧಿಸಲಾರರು. ಎಷ್ಟು ಪಾಲು ತಿರುಗಿಸಲಾಗಿದೆ ಎಂದು ಗೊತ್ತಿರುವುದರಿಂದ ಕಾರ್ಖಾನೆಯ ಒಟ್ಟು ಲೆಕ್ಕ ಮಾತ್ರ ಸರಿಯಾಗಿ ಸಿಗುತ್ತದೆ. ನೇರವಾಗಿ ಕೇಳಿದಾಗ ಹೇಳಿದ್ದಕ್ಕಿಂತ ಈ ವಿಧಾನದಲ್ಲಿ ದೈಹಿಕ ಮತ್ತು ಲೈಂಗಿಕ ಕಿರುಕುಳದ ವರದಿ ಎರಡು ಪಟ್ಟಿಗೂ ಹೆಚ್ಚಾಯಿತು. ಅಷ್ಟು ಜನ ಅದುವರೆಗೆ ನೋವನ್ನು ನುಂಗಿಕೊಂಡು ‘ಇಲ್ಲ’ ಎನ್ನುತ್ತಿದ್ದರು ಎಂದೇ ಇದರ ಅರ್ಥ. ‘ನಮ್ಮಲ್ಲಿ ಕಿರುಕುಳದ ಒಂದೂ ದೂರಿಲ್ಲ’ ಎಂದು ವರದಿ ಬರೆಯುವ ಪ್ರತಿ ಕಂಪನಿಯ ಮುಂದೆಯೂ ಈ ಫಲಿತಾಂಶವನ್ನು ಇಡಬೇಕು ಎನಿಸುತ್ತದೆ.

ಹೆಸರು ಮುಚ್ಚಿಡುತ್ತೇವೆ ಎಂಬ ಭರವಸೆಯನ್ನೂ ಅಷ್ಟೇ ಗಂಭೀರವಾಗಿ ನೋಡಬೇಕು. ನಲವತ್ತು ಜನರ ಲೈನ್‌ನಲ್ಲಿ ಗರ್ಭಿಣಿಯರು ಇಬ್ಬರೇ ಇದ್ದರೆ, ‘ಆಸ್ಪತ್ರೆಗೆ ಹೋಗಲು ರಜೆ ಕೊಡಲಿಲ್ಲ’ ಎಂಬ ದೂರಿನ ಹಿಂದೆ ಯಾರಿದ್ದಾರೆ ಎಂದು ತಿಳಿಯಲು ಹೆಸರು ಬೇಕಿಲ್ಲ. ಫ್ಲೋರ್ ಇನ್‌ಚಾರ್ಜ್‌ಗೆ ಅರ್ಧ ಗಂಟೆ ಸಾಕು. ಆದ್ದರಿಂದ ಸಣ್ಣ ಗುಂಪಿನ ಉತ್ತರಗಳನ್ನು ಬಿಡಿಯಾಗಿ ಕಾರ್ಖಾನೆಗೆ ಕೊಡಬಾರದು. ಕೆಲಸದ ಅವಧಿಯಲ್ಲಿ, ಎಚ್ಆರ್ ಕೋಣೆಯಲ್ಲಿ, ಟ್ಯಾಬ್ಲೆಟ್ ಕೈಗಿಟ್ಟು ತುಂಬಿಸುವ ಸಮೀಕ್ಷೆಯನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮನೆಯಲ್ಲಿ ಫೋನ್ ಯಾರ ಕೈಯಲ್ಲಿರುತ್ತದೆ ಎಂಬುದೂ ಇದರೊಳಗೇ ಬರುತ್ತದೆ. ಎಷ್ಟೋ ಹೆಂಗಸರ ಫೋನ್ ಮನೆಯವರೆಲ್ಲರದೂ ಆಗಿರುತ್ತದೆ. ಕರೆಯ ದಾಖಲೆ ಇನ್ನೊಬ್ಬರು ನೋಡುತ್ತಾರೆ. ಕಿರುಕುಳದ ಪ್ರಶ್ನೆ ಆ ಫೋನಿಗೆ ಬಂದರೆ ಅಪಾಯ ಕಾರ್ಖಾನೆಯಿಂದ ಮನೆಗೇ ಬಂದಂತೆ.

ಹೀಗೆ ಬಂದ ಅಂಕಿಗಳನ್ನು ಓದುವುದರಲ್ಲೂ ಎಚ್ಚರ ಬೇಕು. ದೂರು ಕಡಿಮೆ ಎಂದರೆ ಕಾರ್ಖಾನೆ ಚೆನ್ನಾಗಿದೆ ಎಂದಲ್ಲ. ಹೊಸ ವ್ಯವಸ್ಥೆ ಬಂದ ಮೊದಲ ತಿಂಗಳುಗಳಲ್ಲಿ ದೂರುಗಳು ಏರಿದರೆ ಅದು ನಂಬಿಕೆ ಮೂಡುತ್ತಿದೆ ಎಂಬುದರ ಗುರುತು. ಒಂದೇ ಆವರಣದ ಎರಡು ಘಟಕಗಳಲ್ಲಿ ಒಂದರಿಂದ ನೂರು ಕರೆ, ಇನ್ನೊಂದರಿಂದ ಸೊನ್ನೆ ಬಂದರೆ ಮೊದಲು ಹೋಗಬೇಕಾದದ್ದು ಸೊನ್ನೆಯ ಕಡೆಗೆ. ಬಹಳಷ್ಟು ಬ್ರ್ಯಾಂಡ್‌ಗಳ ಅಂಕಪಟ್ಟಿ ಇದಕ್ಕೆ ತದ್ವಿರುದ್ಧವಾಗಿ, ದೂರು ಹೆಚ್ಚಿದ್ದರೆ ಅಂಕ ಕಡಿಮೆ ಎಂಬಂತೆ ಇರುತ್ತದೆ. ಅಂಥ ಕಡೆ ದೂರು ಹೇಳಿದವಳನ್ನು ಸುಮ್ಮನಾಗಿಸುವುದೇ ಮ್ಯಾನೇಜರನಿಗೆ ಸುಲಭದ ದಾರಿಯಾಗುತ್ತದೆ.

ಮಾಹಿತಿ ಯಾರದು ಎಂಬ ಪ್ರಶ್ನೆಯೂ ಇದೆ. ಕೆಲಸಗಾರರು ಉತ್ತರ ಕೊಡುತ್ತಾರೆ, ವರದಿ ಬ್ರ್ಯಾಂಡ್‌ಗೆ ಹೋಗುತ್ತದೆ. ಉತ್ತರ ಕೊಟ್ಟವರಿಗೆ ಏನು ತಿಳಿಯಿತು ಎಂದು ಯಾರೂ ಹೇಳುವುದಿಲ್ಲ. ಎರಡನೆಯ ಸಲ ಕರೆ ಬಂದಾಗ ಆಕೆ ಯಾಕೆ ಉತ್ತರಿಸಬೇಕು? ಹೆಸರು ಸಮೇತ ಪ್ರಕಟಿಸುವುದರಿಂದ ಏನಾಗುತ್ತದೆ ಎಂಬುದಕ್ಕೆ ಕಾಂಬೋಡಿಯದ ಉದಾಹರಣೆ ಇದೆ. 2001ರಲ್ಲಿ ಅಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಕಾರ್ಖಾನೆಗಳ ತಪಾಸಣೆ ಶುರುಮಾಡಿತು. ಪರಿಸ್ಥಿತಿ ಸುಧಾರಿಸಿದರೆ ಅಮೆರಿಕಕ್ಕೆ ಹೆಚ್ಚು ಬಟ್ಟೆ ರಫ್ತು ಮಾಡಲು ಅವಕಾಶ ಎಂಬ ಒಪ್ಪಂದ ಅದರ ಹಿಂದಿತ್ತು. ಆರಂಭದಲ್ಲಿ ಕಾರ್ಖಾನೆಗಳ ಹೆಸರು ಹಾಕಿ ಫಲಿತಾಂಶ ಪ್ರಕಟವಾಗುತ್ತಿತ್ತು. ಯಾವ ದೇಶ ಎಷ್ಟು ಬಟ್ಟೆ ಕಳಿಸಬಹುದು ಎಂಬ ಮಿತಿ ಹಾಕುತ್ತಿದ್ದ ರಫ್ತು ಕೋಟಾ ವ್ಯವಸ್ಥೆ 2005ರಲ್ಲಿ ಮುಗಿದ ಮೇಲೆ ಹೆಸರುಗಳು ಮರೆಯಾದವು, ಸುಧಾರಣೆಯ ವೇಗವೂ ಕುಗ್ಗಿತು. 2014ರಲ್ಲಿ ಹೆಸರು ಪ್ರಕಟಿಸುವುದು ಮತ್ತೆ ಶುರುವಾಯಿತು.

ಇಷ್ಟೆಲ್ಲ ಸರಿಯಾಗಿದ್ದರೂ ಒಂದು ಕೊರತೆ ಉಳಿಯುತ್ತದೆ. ದೂರು ನಿಜ ಎಂದು ಗೊತ್ತಾದ ಮೇಲೂ ಕಾರ್ಖಾನೆ ಏನೂ ಮಾಡದಿದ್ದರೆ ಮುಂದೇನು? ಇದಕ್ಕೆ ನಿಜವಾದ ಉತ್ತರ ಕೊಟ್ಟ ಪ್ರಯತ್ನಗಳು ಕೆಲವೇ.

ಮೊದಲನೆಯದು ರಾಣಾ ಪ್ಲಾಜಾ ನಂತರ 2013ರ ಮೇ ತಿಂಗಳಲ್ಲಿ ಬಂದ ಬಾಂಗ್ಲಾದೇಶ ಅಕಾರ್ಡ್. ಇನ್ನೂರಕ್ಕೂ ಹೆಚ್ಚು ಬ್ರ್ಯಾಂಡ್‌ಗಳು ಮತ್ತು ಕಾರ್ಮಿಕ ಸಂಘಟನೆಗಳು ಸಹಿ ಹಾಕಿದ, ಕಾನೂನಿನ ಬಲವಿದ್ದ ಒಪ್ಪಂದ ಅದು. 1,600ಕ್ಕೂ ಹೆಚ್ಚು ಕಾರ್ಖಾನೆಗಳನ್ನು ಎಂಜಿನಿಯರ್‌ಗಳು ನೋಡಿದರು. ಜೊತೆಗೆ ಅಪಾಯಕಾರಿ ಕೆಲಸವನ್ನು ನಿರಾಕರಿಸುವ ಹಕ್ಕನ್ನು ಕೆಲಸಗಾರರಿಗೆ ಕೊಟ್ಟು, ಕಾರ್ಖಾನೆಯನ್ನು ಬದಿಗಿಟ್ಟು ನೇರವಾಗಿ ದೂರು ಕೊಡುವ ದಾರಿ ತೆರೆಯಲಾಯಿತು. ದೂರು ಕೊಟ್ಟದ್ದಕ್ಕಾಗಿ ಯಾರನ್ನಾದರೂ ಕೆಲಸದಿಂದ ತೆಗೆದರೆ ವಾಪಸ್ ತೆಗೆದುಕೊಳ್ಳಬೇಕು, ನಡುವಿನ ಸಂಬಳ ಕೊಡಬೇಕು. ಒಪ್ಪದ ಕಾರ್ಖಾನೆಗೆ ಸಹಿ ಹಾಕಿದ ಯಾವ ಬ್ರ್ಯಾಂಡೂ ಆರ್ಡರ್ ಕೊಡುವಂತಿಲ್ಲ. ಬ್ರ್ಯಾಂಡ್‌ಗಳೂ ಇದಕ್ಕೆ ಹೊರತಾಗಿರಲಿಲ್ಲ. ಹೊಣೆ ನಿಭಾಯಿಸಲಿಲ್ಲ ಎಂದು ಕಾರ್ಮಿಕ ಒಕ್ಕೂಟಗಳು ಎರಡು ಕಂಪನಿಗಳ ಮೇಲೆ ನೆದರ್ಲೆಂಡ್ಸ್‌ನ ಹೇಗ್ ನಗರದಲ್ಲಿರುವ ಮಧ್ಯಸ್ಥಿಕೆ ನ್ಯಾಯಾಲಯದಲ್ಲಿ ದಾವೆ ಹೂಡಿದವು. ಒಂದು ಪ್ರಕರಣ 2018ರ ಜನವರಿಯಲ್ಲಿ 23 ಲಕ್ಷ ಡಾಲರ್‌ಗೆ ಇತ್ಯರ್ಥವಾಯಿತು. ಅಕಾರ್ಡ್‌ನ ಕೆಲಸವನ್ನು 2020ರಲ್ಲಿ ಬಾಂಗ್ಲಾದೇಶದಲ್ಲಿ ಆರ್‌ಎಸ್‌ಸಿ (ಆರ್‌ಎಂಜಿ ಸಸ್ಟೈನಬಿಲಿಟಿ ಕೌನ್ಸಿಲ್) ಎಂಬ ಹೊಸ ಸಂಸ್ಥೆ ವಹಿಸಿಕೊಂಡಿತು. ಕಾರ್ಖಾನೆ ಮಾಲೀಕರೂ ಅದರ ಆಡಳಿತದಲ್ಲಿದ್ದಾರೆ. 2021ರಿಂದ ಅಂತರರಾಷ್ಟ್ರೀಯ ಅಕಾರ್ಡ್ ಇದೆ, 2023ರಲ್ಲಿ ಅದು ಪಾಕಿಸ್ತಾನಕ್ಕೂ ಬಂತು.

ಎರಡನೆಯದು ಲೆಸೊಥೊ. ವಿಚಾರಣೆಯ ನಂತರ 2019ರ ಆಗಸ್ಟ್‌ನಲ್ಲಿ ಲೀವೈಸ್ ಸೇರಿದಂತೆ ಮೂರು ಬ್ರ್ಯಾಂಡ್‌ಗಳು, ನಿಯೆನ್ ಹ್ಸಿಂಗ್ ಕಂಪನಿ, ಅಲ್ಲಿನ ಕಾರ್ಮಿಕ ಸಂಘಗಳು ಮತ್ತು ಮಹಿಳಾ ಸಂಘಟನೆಗಳು ಒಪ್ಪಂದಗಳಿಗೆ ಸಹಿ ಹಾಕಿದವು. ಕಿರುಕುಳದ ದೂರುಗಳನ್ನು ಕಂಪನಿಯ ಎಚ್ಆರ್ ನೋಡುವುದಿಲ್ಲ, ಹೊರಗಿನ ಸ್ವತಂತ್ರ ತನಿಖಾ ಸಂಸ್ಥೆ ನೋಡುತ್ತದೆ. ತಪ್ಪು ಸಾಬೀತಾದರೆ ಮ್ಯಾನೇಜರನನ್ನು ವಜಾ ಮಾಡಿಸುವವರೆಗೂ ಅದರ ತೀರ್ಮಾನಕ್ಕೆ ಬಲವಿದೆ. ಕಂಪನಿ ಪಾಲಿಸದಿದ್ದರೆ ಬ್ರ್ಯಾಂಡ್‌ಗಳು ಆರ್ಡರ್ ಕಡಿತ ಮಾಡಬೇಕು.

ಮೂರನೆಯದು ತಮಿಳುನಾಡಿನ ದಿಂಡಿಗಲ್. 2021ರ ಜನವರಿಯಲ್ಲಿ ಅಲ್ಲಿನ ಒಂದು ಗಾರ್ಮೆಂಟ್ಸ್ ಘಟಕದ ಯುವ ದಲಿತ ಕೆಲಸಗಾರ್ತಿಯ ಕೊಲೆಯಾಯಿತು. ಆರೋಪ ಬಂದದ್ದು ಆಕೆಯ ಸೂಪರ್‌ವೈಸರ್ ಮೇಲೆ. ಹೆಂಗಸರೇ ಮುನ್ನಡೆಸುವ ಟಿಟಿಸಿಯು ಎಂಬ ಕಾರ್ಮಿಕ ಸಂಘ, ಕಾರ್ಮಿಕ ಸಂಘಟನೆಗಳ ಒಕ್ಕೂಟವಾದ ಏಷ್ಯಾ ಫ್ಲೋರ್ ವೇಜ್ ಅಲಯನ್ಸ್ ಮುಂತಾದವರ ಜೊತೆ ಸೇರಿ ಹೋರಾಡಿ, 2022ರ ಏಪ್ರಿಲ್‌ನಲ್ಲಿ ಆ ಘಟಕದ ಮಾಲೀಕ ಕಂಪನಿ ಈಸ್ಟ್‌ಮನ್ ಎಕ್ಸ್‌ಪೋರ್ಟ್ಸ್ ಜೊತೆ ಒಪ್ಪಂದ ಮಾಡಿಕೊಂಡಿತು. ಎಚ್ ಆ್ಯಂಡ್ ಎಂ ಮತ್ತು ಅದರ ನಂತರ ಗ್ಯಾಪ್, ಪಿವಿಎಚ್ ಎಂಬ ಬ್ರ್ಯಾಂಡ್ ಕಂಪನಿಗಳೂ ಈ ಒಪ್ಪಂದದ ಬೆನ್ನಿಗೆ ನಿಂತವು. ಅಲ್ಲಿ ಆ್ಯಪ್ ಮುಖ್ಯವಲ್ಲ. ಲೈನ್‌ಗಳಲ್ಲಿ ಕೆಲಸ ಮಾಡುವ ಹೆಂಗಸರಲ್ಲೇ ಕೆಲವರಿಗೆ ಸಂಘ ತರಬೇತಿ ಕೊಟ್ಟು ಶಾಪ್‌ಫ್ಲೋರ್ ಮಾನಿಟರ್‌ಗಳನ್ನಾಗಿ ಮಾಡಿದೆ. ಏನಾದರೂ ನಡೆದರೆ ಪಕ್ಕದ ಮೆಷಿನ್‌ನಲ್ಲಿ ಕೂತವಳೇ ಗಮನಿಸುತ್ತಾಳೆ, ಮ್ಯಾನೇಜ್‌ಮೆಂಟ್ ಜೊತೆ ಸಭೆಯಲ್ಲಿ ಕೂತು ಮಾತಾಡುತ್ತಾಳೆ. ಮೊದಲ ವರ್ಷ ಬಂದ 185 ದೂರುಗಳಲ್ಲಿ 182 ಬಗೆಹರಿದವು, ಬಹುಪಾಲು ಒಂದು ವಾರದೊಳಗೆ. ಬಲವಂತದ ದುಡಿಮೆಯ ಆರೋಪದ ಮೇಲೆ ಆ ಘಟಕದ ಬಟ್ಟೆಗಳನ್ನು ತಡೆಹಿಡಿಯಲು 2022ರ ಜುಲೈನಲ್ಲಿ ಆದೇಶಿಸಿದ್ದ ಅಮೆರಿಕದ ಕಸ್ಟಮ್ಸ್ ಇಲಾಖೆ, ಸೆಪ್ಟೆಂಬರ್‌ನಲ್ಲಿ ತಡೆ ತೆರವು ಮಾಡಿದಾಗ ಈ ಒಪ್ಪಂದವನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಕೆಲಸಗಾರರ ದನಿಗೆ ಜಾಗ ಕೊಟ್ಟದ್ದರಿಂದ ಕಾರ್ಖಾನೆಯ ವ್ಯಾಪಾರವೇ ಉಳಿದ ಉದಾಹರಣೆ ಇದು. ಮಾಲೀಕರಿಗೆ ಇದನ್ನು ಒತ್ತಿ ಹೇಳಬೇಕು.

ಮೂರರಲ್ಲೂ ಸಂಘ ಇದೆ, ಸಹಿ ಹಾಕಿದ ಕಾಗದ ಇದೆ, ಮಾತು ತಪ್ಪಿದರೆ ಹಣದ ನಷ್ಟ ಇದೆ. ಸಂಘಟಿತರಾಗುವ ಹಕ್ಕು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1948 ಮತ್ತು 1949ರ ಒಡಂಬಡಿಕೆಗಳಲ್ಲೇ ಇದೆ. ಕೆಲಸಗಾರರ ಮಾತನ್ನು ಮಾಲೀಕನಿಗೆ ಮುಟ್ಟಿಸುವ ಅತಿ ಹಳೆಯ ವ್ಯವಸ್ಥೆ ಸಂಘವೇ. ಕೆಲವು ಕಾರ್ಖಾನೆಗಳು ಸಂಘ ಕಟ್ಟಿದವರನ್ನು ಹೊರಹಾಕಿ, ಅದೇ ಗೋಡೆಯ ಮೇಲೆ ಸಹಾಯವಾಣಿಯ ನಂಬರ್ ಅಂಟಿಸುತ್ತವೆ. ಒಬ್ಬೊಬ್ಬರೇ ಗುಟ್ಟಾಗಿ ಕರೆ ಮಾಡುವುದಕ್ಕೂ ನಲವತ್ತು ಜನ ಒಟ್ಟಾಗಿ ಎದ್ದು ನಿಲ್ಲುವುದಕ್ಕೂ ಇರುವ ಅಂತರ ಆ ಮಾಲೀಕರಿಗೆ ಚೆನ್ನಾಗಿ ಗೊತ್ತು. ಸ್ವತಂತ್ರವಾಗಿ ಮಾತಾಡುವ ವಾತಾವರಣವೇ ಇಲ್ಲದ ಕಡೆ ಯಾವ ಉಪಕರಣವೂ ಕೆಲಸಕ್ಕೆ ಬರುವುದಿಲ್ಲ. ಚೀನಾದ ಷಿನ್‌ಜಿಯಾಂಗ್‌ನಲ್ಲಿ ಇನ್ನು ಕಾರ್ಮಿಕ ಆಡಿಟ್ ಮಾಡುವುದಿಲ್ಲ ಎಂದು 2020ರಲ್ಲಿ ಹಲವು ಆಡಿಟ್ ಸಂಸ್ಥೆಗಳೇ ಹಿಂದೆ ಸರಿದವು. ಅಲ್ಲಿ ಕೆಲಸಗಾರರು ಹೇಳುವುದನ್ನು ನಂಬುವ ಸ್ಥಿತಿ ಇರಲಿಲ್ಲ.

ಬ್ರ್ಯಾಂಡ್‌ಗಳ ಕಡೆಗೂ ಇದೇ ಕನ್ನಡಿ ಹಿಡಿಯಬೇಕು. ಓಟಿ ಯಾಕೆ ಮಿತಿ ಮೀರಿತು ಎಂದು ಕೆಲಸಗಾರರ ಉತ್ತರಗಳ ಬೆನ್ನು ಹತ್ತಿ ಹೋದರೆ ಕೊನೆಗೆ ಸಿಗುವುದು ಕೊನೆಯ ಗಳಿಗೆಯಲ್ಲಿ ಬದಲಾದ ಡಿಸೈನ್, ಮುಂದಕ್ಕೆ ಹೋಗದ ಶಿಪ್‌ಮೆಂಟ್ ದಿನಾಂಕ, ವರ್ಷದಿಂದ ವರ್ಷಕ್ಕೆ ಇಳಿಯುವ ದರ. ಬೆಟರ್ ಬೈಯಿಂಗ್ ಎಂಬ ಸಂಸ್ಥೆ ಸರಬರಾಜುದಾರರಿಂದ ಬ್ರ್ಯಾಂಡ್‌ಗಳ ಬಗ್ಗೆ ಅಭಿಪ್ರಾಯ ಸಂಗ್ರಹಿಸುತ್ತದೆ. ಅವರೂ ಹೆಸರು ಮುಚ್ಚಿಟ್ಟೇ ಉತ್ತರಿಸುತ್ತಾರೆ, ಏಕೆಂದರೆ ಬೈಯರ್ ವಿರುದ್ಧ ಮಾತಾಡಿದರೆ ಆರ್ಡರ್ ಹೋಗುತ್ತದೆಂಬ ಭಯ. ಕೆಲಸಗಾರ್ತಿ ಸೂಪರ್‌ವೈಸರನಿಗೆ ಹೆದರಿದಂತೆಯೇ ಕಾರ್ಖಾನೆ ಮಾಲೀಕ ಬೈಯರ್‌ಗೆ ಹೆದರುತ್ತಾನೆ. ಕೆಳಗಿನವರ ಉತ್ತರವನ್ನು ಮಾತ್ರ ಸಂಗ್ರಹಿಸಿ ಮೇಲಿನವರ ನಡತೆಯನ್ನು ಬಿಟ್ಟರೆ ಕಾರಣ ಕೈಗೆ ಸಿಗುವುದೇ ಇಲ್ಲ.

ಕಾನೂನುಗಳೂ ಬಂದಿವೆ. 2011ರ ವಿಶ್ವಸಂಸ್ಥೆಯ ಮಾರ್ಗಸೂಚಿ ದೂರು ವ್ಯವಸ್ಥೆ ನಂಬಿಕಸ್ಥವಾಗಿರಬೇಕು, ಕೈಗೆಟುಕುವಂತಿರಬೇಕು, ಪಾರದರ್ಶಕವಾಗಿರಬೇಕು ಎಂದಿತು. ಅದು ಸಲಹೆ ಮಾತ್ರ. 2023ರ ಜನವರಿಯಿಂದ ಜಾರಿಗೆ ಬಂದ ಜರ್ಮನಿಯ ಸರಬರಾಜು ಸರಪಳಿ ಕಾಯ್ದೆ ದೊಡ್ಡ ಕಂಪನಿಗಳಿಗೆ ದೂರು ವ್ಯವಸ್ಥೆಯನ್ನು ಕಡ್ಡಾಯ ಮಾಡಿತು. ಬೇರೆ ದೇಶದ ಸರಬರಾಜುದಾರರ ಕೆಲಸಗಾರರೂ ಅದನ್ನು ಬಳಸಬಹುದು. ಐರೋಪ್ಯ ಒಕ್ಕೂಟದ ಇಂಥದೇ ನಿರ್ದೇಶನ 2024ರ ಜುಲೈನಲ್ಲಿ ಬಂತು. 2025ರಲ್ಲೇ ಅದರ ಜಾರಿಯನ್ನು ಮುಂದೂಡಿ, ವ್ಯಾಪ್ತಿ ಕಿರಿದುಮಾಡುವ ಪ್ರಯತ್ನವೂ ಶುರುವಾಯಿತು. ಕಾಗದಪತ್ರದ ಹೊರೆ ಎಂಬುದು ಕಂಪನಿಗಳ ವಾದ. ವರದಿ ಬರೆಯುವ ಹೊರೆ ನಿಜ ಇರಬಹುದು. ಆದರೆ ಹೊರೆ ಇಳಿಸುವ ಹೆಸರಿನಲ್ಲಿ ಮೊದಲು ಕೈಬಿಡುವುದು ದೂರದ ಸರಬರಾಜುದಾರರನ್ನೇ ಆದರೆ, ಅಪಾಯ ಹೆಚ್ಚಿರುವ ಕಡೆಯೇ ಕಣ್ಣು ಮುಚ್ಚಿದಂತಾಗುತ್ತದೆ. ಸಬ್‌ಕಾಂಟ್ರ್ಯಾಕ್ಟ್ ಶೆಡ್‌ಗಳಲ್ಲಿ, ಮನೆಯಲ್ಲೇ ಕೂತು ಗುಂಡಿ ಹೊಲಿಯುವವರಲ್ಲಿ, ಸ್ಪಿನ್ನಿಂಗ್ ಮಿಲ್‌ಗಳ ಹಾಸ್ಟೆಲ್‌ಗಳಲ್ಲಿ ಈಗಲೂ ಯಾವ ಸಮೀಕ್ಷೆಯ ಕರೆಯೂ ಬರುವುದಿಲ್ಲ. ಇದು ಬಡ ದೇಶಗಳ ಸಮಸ್ಯೆ ಮಾತ್ರವೂ ಅಲ್ಲ. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಕನಿಷ್ಠ ವೇತನದ ಅರ್ಧಕ್ಕಿಂತ ಕಡಿಮೆಗೆ ಹೊಲಿಯುತ್ತಿದ್ದವರ ಸ್ಥಿತಿ 2020ರಲ್ಲಿ ಸುದ್ದಿಯಾಯಿತು. ಆ ಕಾರ್ಖಾನೆಗಳಿದ್ದದ್ದು ಪತ್ರಿಕೆಗಳ ಕಣ್ಣೆದುರಿಗೇ.

ಇಂಥ ಯಾವ ವ್ಯವಸ್ಥೆಯನ್ನಾದರೂ ಅಳೆಯಬೇಕಾದರೆ ನಾನು ಎಷ್ಟು ಕರೆ ಬಂದವು, ಎಷ್ಟು ಶೇಕಡಾ ತೃಪ್ತಿ ಎಂಬ ಪುಟಗಳನ್ನು ತಿರುವಿ ಹಾಕಿ ಇನ್ನೊಂದು ಅಂಕಿಗಾಗಿ ಹುಡುಕುತ್ತೇನೆ. ಬಹುತೇಕ ವರದಿಗಳಲ್ಲಿ ಅದು ಇರುವುದಿಲ್ಲ. ಹಾಕುವುದು ಕಷ್ಟವೂ ಅಲ್ಲ. ದೂರು ಕೊಟ್ಟು ಆರು ತಿಂಗಳಾದ ಮೇಲೆ ಆ ಹೆಂಗಸರನ್ನು ಮತ್ತೆ ಮಾತಾಡಿಸಬೇಕು. ಅವರಲ್ಲಿ ಎಷ್ಟು ಜನ ಅದೇ ಕಾರ್ಖಾನೆಯಲ್ಲಿ, ಅದೇ ಲೈನ್‌ನಲ್ಲಿ, ಅದೇ ಸಂಬಳದಲ್ಲಿ ಉಳಿದಿದ್ದಾರೆ ಎಂದು ಎಣಿಸಬೇಕು.